ಮಗ, ಮಗು, ನಿಮಗೆ

ಪರಸ್ಥಳದಲ್ಲಿ ನೌಕರಿಯಲ್ಲಿದ್ದ ತಂದೆಯವರಿಗೆ ನಮ್ಮ ತಾಯಿಯವರು ಬರೆದ ಕಾಗದಗಳನ್ನು ನನ್ನ ಮೊಮ್ಮಗ ಗಣಕಯಂತ್ರಕ್ಕೆ ಇಳಿಸಿರುವ ಸಂಗತಿ ಬಂಧುಗಳಲ್ಲಿ ಹಲವರಿಗೆ ತಿಳಿದೇ ಇದೆ. ಅವುಗಳಿಗೊಂದು ಪದಸೂಚಿ ಸಿದ್ಧಪಡಿಸುವಾಗ ಎದುರಾದ ತೊಡಕು, ಕನ್ನಡ ಕಲಿಸಿದ ನನ್ನನ್ನೂ ಯೋಚನೆಗೆ ಹಚ್ಚಿತು.

ಪಠ್ಯದಲ್ಲಿ ಬೇಕಾದ ಅಕ್ಷರವಿನ್ಯಾಸವನ್ನು ಹುಡುಕಲು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸಂಕೇತಭಾಷೆಯುಂಟು. 1950ರ ದಶಕದಲ್ಲಿ ಗಣಿತಜ್ಞ ಸ್ಟೀಫನ್ ಕ್ಲೀನಿ ಅದಕ್ಕೆ ತಾತ್ವಿಕ ತಳಹದಿ ಹಾಕಿದರು. ಅದನ್ನು ಪಠ್ಯಶೋಧಕ್ಕೆ ಒಗ್ಗಿಸುವ ಬಗೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ಇಡೀ ಪದವೇ ಸಿಗಬೇಕೆಂದರೆ ಅದರ ಎರಡೂ ಬದಿಗೆ 'ಪದದ ಎಲ್ಲೆ' ಎಂಬ ಗುರುತನ್ನು ಇಡಬೇಕು. ಒಂದು ಪಕ್ಕ ಅಕ್ಷರ, ಮತ್ತೊಂದು ಪಕ್ಕ ಅಕ್ಷರವಲ್ಲದ್ದು ಇರುವ ಜಾಗವೇ ಎಲ್ಲೆ. ಇಂಗ್ಲಿಷಿಗೆ ಬಹುಮಟ್ಟಿಗೆ ಇಷ್ಟು ಸಾಕು.

ಕನ್ನಡಕ್ಕೆ ಸಾಲದು. ಯೂನಿಕೋಡಿನಲ್ಲಿ 'ಗು' ಎಂಬುದು ಒಂದಲ್ಲ, ಎರಡು ಸಂಕೇತ: ಗಕಾರ ಮತ್ತು ಕೊಂಬು. ಪೈಥಾನ್ ಭಾಷೆಯೊಡನೆಯೇ ಬರುವ ಶೋಧನ ಸಾಧನವು ಗಕಾರವನ್ನು ಅಕ್ಷರವೆಂದು ಒಪ್ಪುತ್ತದೆ, ಕೊಂಬನ್ನು ಒಪ್ಪುವುದಿಲ್ಲ. (ಕಾಗುಣಿತ ಬಾಯಿಪಾಠ ಮಾಡಿದ ಒಂದನೆಯ ತರಗತಿಯವರು ಕೇಳಿದರೆ ನಕ್ಕಾರು!) ಆದ್ದರಿಂದ 'ಮಗ' ಎಂದು ಹುಡುಕಿದರೆ 'ಮಗು' ಬರುತ್ತದೆ. 'ನಿಮಗೆ' ಕೂಡ ಬರುತ್ತದೆ. ನಿಕಾರದ ಗುಡಿಸಿನ ಬಳಿ ಒಂದು ಎಲ್ಲೆ, ಗೆಕಾರದ ಎತ್ವದ ಬಳಿ ಇನ್ನೊಂದು. 'ನಮಗೆ' ಮಾತ್ರ ಪಾರಾಗುತ್ತದೆ, ಅದರ ನಕಾರಕ್ಕೆ ಚಿಹ್ನೆಯೇ ಇಲ್ಲವಲ್ಲ.

ಅಮ್ಮನ ಕಾಗದಗಳಲ್ಲಿ 'ಮಗ' ಎಂದರೆ ನಾನು. 'ಮಗು' ಎಂದರೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡ ನನ್ನ ತಂಗಿ. ಅವಳದೊಂದು ಛಾಯಾಚಿತ್ರವೂ ಇಲ್ಲ. ಜ್ವರ ಬಂದದ್ದು, ಹಲ್ಲು ಮೂಡಿದ್ದು, ಎಲ್ಲ ಆ ಸಾಲುಗಳಲ್ಲಿ ಮಾತ್ರ ಉಳಿದಿವೆ. ಅವಳು ಸೂಚಿಯಲ್ಲಿ ನನ್ನಡಿಗೆ ಸೇರಿ ಕಾಣದಾಗುವುದು ನನಗೆ ಸಹ್ಯವಾಗಲಿಲ್ಲ.

ಪರಿಹಾರವೇನೋ ಸುಲಭವೇ. ಸಿದ್ಧ ಗುರುತನ್ನು ಕೈಬಿಟ್ಟು, ಪದದ ಹಿಂದೆಯಾಗಲಿ ಮುಂದೆಯಾಗಲಿ ಯೂನಿಕೋಡಿನ ಕನ್ನಡ ವಿಭಾಗದ 128 ಸ್ಥಾನಗಳಲ್ಲಿರುವ ಯಾವ ಸಂಕೇತವೂ ಬರಕೂಡದೆಂಬ ಷರತ್ತನ್ನು ಮೊಮ್ಮಗ ಹಾಕಿದ. ಪರ್ಲ್ ಭಾಷೆಯಲ್ಲಿ ಗುಣಿತಚಿಹ್ನೆಗಳೂ ಪದದ ಭಾಗವೇ ಆಗಿರುವುದರಿಂದ ಈ ಪಾಡು ಇಲ್ಲವಂತೆ. ಜಾವಾಸ್ಕ್ರಿಪ್ಟಿನ ಎಲ್ಲೆಗಾದರೋ ಕನ್ನಡದ ಒಂದಕ್ಷರವೂ ಅಕ್ಷರವಲ್ಲ!

ಮಗು ಈಗ ಬೇರೆಯಾಗಿದ್ದಾಳೆ. ಆದರೆ 'ಮಗುವಿನ', 'ಮಗುವಿಗೆ', 'ಮಗನನ್ನು' ಮುಂತಾದವು ಇಡೀ ಪದದ ಶೋಧಕ್ಕೆ ಸಿಕ್ಕುವುದಿಲ್ಲ. ಅದಕ್ಕೆ ಬೇಕಾದ ವಿಭಕ್ತಿರೂಪಗಳ ಪಟ್ಟಿಯನ್ನು ನಾನೇ ಬರೆದುಕೊಡುತ್ತಿದ್ದೇನೆ. ಸದ್ಯಕ್ಕೆ ಚತುರ್ಥಿಯವರೆಗೆ ಬಂದಿದ್ದೇವೆ.