‘ಆಗಲ್ಲ’ ಬೇರೆ, ‘ಮಾಡಲ್ಲ’ ಬೇರೆ

ಕ್ಯಾಮೆರಾ ಬಾಡಿ ಐದಾರು ವರ್ಷಕ್ಕೆ ಹಳತಾಗಿಬಿಡುತ್ತೆ. ಲೆನ್ಸ್ ಹಾಗಲ್ಲ. ಫಂಗಸ್ ಹಿಡಿಯದಂತೆ ಜೋಪಾನ ಮಾಡಿದರೆ ಮೂವತ್ತು ವರ್ಷವಾದರೂ ಅದೇ ಚಿತ್ರ ಕೊಡುತ್ತೆ. ಅದಕ್ಕೇ ಅನುಭವಿಗಳು ‘ದುಡ್ಡು ಹಾಕೋದಾದ್ರೆ ಲೆನ್ಸ್ ಮೇಲೆ ಹಾಕು’ ಅಂತಾರೆ. ಆದರೆ ಈ ಮಾತು ನಿಜವಾಗಬೇಕಾದರೆ, ಮುಂದೆ ಬರುವ ಬಾಡಿಗಳೂ ಆ ಲೆನ್ಸ್ ಜೊತೆ ಹೊಂದಿಕೊಳ್ಳಬೇಕು.

ನಮ್ಮ ಸೋದರಮಾವನಿಗೆ ಊರಲ್ಲಿ ಸಣ್ಣ ಸ್ಟುಡಿಯೊ ಇದೆ. ಇಪ್ಪತ್ತು ವರ್ಷದಲ್ಲಿ ಒಂದೊಂದಾಗಿ ಕೂಡಿಸಿದ ಐದು ಲೆನ್ಸ್‌ಗಳಿವೆ. ಕಳೆದ ವರ್ಷ ಬಾಡಿ ಬದಲಿಸಲು ಹೋದಾಗ, ಅದರಲ್ಲಿ ಮೂರು ಹೊಸ ಬಾಡಿಯಲ್ಲಿ ಸರಿಯಾಗಿ ಕೆಲಸ ಮಾಡಲ್ಲ ಅಂತ ಅಂಗಡಿಯಲ್ಲಿ ಗೊತ್ತಾಯ್ತು. ಕಂಪನಿ ಹೆಸರು ಬೇಡ, ಇದು ಒಬ್ಬರ ಕಥೆಯಲ್ಲ. ಮಾವ ಫೋನ್ ಮಾಡಿ, ‘ನೀನು ಇಂಜಿನಿಯರ್ ಅಲ್ವೇನೋ, ಹೇಳು. ಗಾಜು ಕೆಟ್ಟಿಲ್ಲ, ಗೀರು ಬಿದ್ದಿಲ್ಲ. ಮತ್ಯಾಕಂತೆ?’ ಅಂದರು. ತಾಳಿ ಕಟ್ಟೋ ಗಳಿಗೆ ಇವರು ಕೈಯಲ್ಲಿ ಫೋಕಸ್ ತಿರುಗಿಸೋವರೆಗೂ ಕಾಯುತ್ತಾ?

ಆಫೀಸಲ್ಲಿ ನಾನೂ ಇದೇ ಕೆಲಸದವನು. ಹಳೇ ವರ್ಷನ್‌ಗೆ ಸಪೋರ್ಟ್ ನಿಲ್ಲಿಸ್ತೀವಿ ಅಂತ ಗ್ರಾಹಕರಿಗೆ ತಿಳಿಸೋ ತಂಡದಲ್ಲಿದ್ದೀನಿ. ಹಳೆಯದನ್ನೆಲ್ಲ ಹೊತ್ತುಕೊಂಡು ಹೋದರೆ ಹೊಸದು ಕಟ್ಟೋಕಾಗಲ್ಲ ಅನ್ನೋದು ಗೊತ್ತು. ಹಾಗಾಗಿ ‘ಎಲ್ಲಾ ದುಡ್ಡು ಮಾಡೋ ದಾರಿ’ ಅಂತ ಮಾವನಿಗೆ ಹೇಳಲಿಲ್ಲ. ಕ್ಯಾಮೆರಾ ಲೋಕದ ಮೂರು ಉದಾಹರಣೆ ಹೇಳಿದೆ.

1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟ್ ಕೈಬಿಟ್ಟು ಇಎಫ್ ತಂದಿತು. ಲೆನ್ಸ್ ಕೂರುವ ಜಾಗದಿಂದ ಫಿಲ್ಮ್‌ವರೆಗಿನ ದೂರ ಎಫ್‌ಡಿಯಲ್ಲಿ 42 ಮಿಲಿಮೀಟರ್, ಇಎಫ್‌ನಲ್ಲಿ 44. ಇಷ್ಟೇ ವ್ಯತ್ಯಾಸದಿಂದ ಹಳೇ ಲೆನ್ಸ್‌ನಲ್ಲಿ ದೂರದ ಬೆಟ್ಟ ಮಸುಕು. ನಡುವೆ ಇನ್ನೊಂದು ಗಾಜು ಇಟ್ಟರೆ ಸರಿಹೋಗುತ್ತೆ, ಆದರೆ ಚಿತ್ರದ ಗುಣಮಟ್ಟಕ್ಕೆ ಪೆಟ್ಟು. ಹಳಬರಿಗೆ ಸಿಟ್ಟು ಬಂತು, ಸಹಜ. ಆದರೆ ಇಎಫ್‌ನಲ್ಲಿ ಮೋಟರ್ ಲೆನ್ಸ್ ಒಳಗೇ ಇತ್ತು, ಬಾಡಿ ಜೊತೆ ಮಾತುಕತೆಯೆಲ್ಲ ಎಲೆಕ್ಟ್ರಾನಿಕ್. ಆದ್ದರಿಂದ 2018ರಲ್ಲಿ ಮಿರರ್‌ಲೆಸ್ ಆರ್‌ಎಫ್ ಬಂದಾಗ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಸಮೇತ ನಡೆದವು.

ನಿಕಾನ್ ದಾರಿ ಬೇರೆ. 1959ರ ಎಫ್ ಮೌಂಟನ್ನು ದಶಕಗಳ ಕಾಲ ಉಳಿಸಿಕೊಂಡಿತು. 1986ರ ಆಟೋಫೋಕಸ್ ವ್ಯವಸ್ಥೆಯಲ್ಲಿ ಮೋಟರ್ ಬಾಡಿಯಲ್ಲಿತ್ತು. 2006ರ ಡಿ40ಯಲ್ಲಿ ಆ ಮೋಟರ್ ತೆಗೆದರು. 2018ರಲ್ಲಿ ಝಡ್ ಮೌಂಟ್ ಜೊತೆ ಬಂದ ಅಡಾಪ್ಟರ್‌ನಲ್ಲೂ ಮೋಟರ್ ಇರಲಿಲ್ಲ. ಹಾಗಾಗಿ ಒಳಗೆ ಮೋಟರ್ ಇಲ್ಲದ ಹಳೇ ಲೆನ್ಸ್‌ಗಳು ಕೂರುತ್ತವೆ, ಫೋಕಸ್ ಮಾತ್ರ ಕೈಯಲ್ಲೇ.

ಮೋಟರ್ ಇರುವ ಅಡಾಪ್ಟರ್ ಸಾಧ್ಯವೇ ಇಲ್ವಾ? ಇದೆ. ಸೋನಿ ತನ್ನ ಹಳೇ ಎ ಮೌಂಟ್ ಲೆನ್ಸ್‌ಗಳಿಗೆ 2020ರಲ್ಲಿ ಅಂಥದ್ದನ್ನೇ ತಂದಿತು, ಕೆಲವೇ ಬಾಡಿಗಳಿಗಾದರೂ.

ಇಲ್ಲಿಗೆ ನನಗೆ ಒಂದು ಸ್ಪಷ್ಟವಾಯಿತು. ಅಳತೆಯೇ ಕೂಡದಿದ್ದರೆ ಅದು ‘ಆಗಲ್ಲ’. ದಾರಿಯಿದ್ದೂ ಖರ್ಚು, ತೂಕ, ಮಾರುಕಟ್ಟೆ ಲೆಕ್ಕ ಹಾಕಿ ಬಿಟ್ಟರೆ ಅದು ‘ಮಾಡಲ್ಲ’. ಎರಡಕ್ಕೂ ಕಾರಣ ಇರಬಹುದು. ಆದರೆ ‘ಮಾಡಲ್ಲ’ ಅನ್ನೋದನ್ನ ‘ಆಗಲ್ಲ’ ಅಂತ ಹೇಳಬಾರದು. ಇಪ್ಪತ್ತು ವರ್ಷ ದುಡ್ಡು ಹಾಕಿದವನಿಗೆ ಅಷ್ಟು ನೇರ ಉತ್ತರವಾದರೂ ಸಿಗಬೇಕು. ಆಫೀಸಲ್ಲೂ ಈಗ ನೋಟಿಸ್ ಬರೆಯುವಾಗ ಇವೆರಡರಲ್ಲಿ ಯಾವುದು ಅಂತ ಬಿಡಿಸಿ ಬರೆಯೋಣ ಅಂತ ಹಟ ಹಿಡೀತೀನಿ.

ಮಾವ ಹಳೇ ಬಾಡಿಯನ್ನೇ ಸರ್ವಿಸ್ ಮಾಡಿಸಿ ಮುಂದುವರಿಸಿದ್ದಾರೆ. ನೀವು ಹೊಸದು ಕೊಳ್ಳುವುದಾದರೆ ನಿಮ್ಮ ಲೆನ್ಸ್‌ಗಳನ್ನು ಅಂಗಡಿಗೇ ಒಯ್ಯಿರಿ. ಹಾಕಿ ನೋಡಿ. ಫೋಕಸ್ ಆಗುತ್ತಾ, ಅಪರ್ಚರ್ ಬದಲಾಗುತ್ತಾ, ಬೆಳಕಿನ ಅಳತೆ ಸರಿ ಬರುತ್ತಾ? ‘ಸಿಕ್ಕಿಸಬಹುದು’ ಅಂದಮಾತ್ರಕ್ಕೆ ಕಾರ್ಡ್ ಕೊಡಬೇಡಿ.

ಇನ್ನೊಂದು ಮಾತು. ಆರ್‌ಎಫ್‌ನಲ್ಲಿ ಆ ದೂರ 20 ಮಿಲಿಮೀಟರ್ ಮಾತ್ರ. ಹಾಗಾಗಿ 1987ರಲ್ಲಿ ಮೂಲೆಗೆ ಬಿದ್ದ ಎಫ್‌ಡಿ ಲೆನ್ಸ್ ಸಾದಾ ಅಡಾಪ್ಟರ್ ಹಾಕಿದರೆ, ಕೈಯಲ್ಲಿ ಫೋಕಸ್ ಮಾಡಿ, ಈಗ ದೂರದ ಬೆಟ್ಟವನ್ನೂ ನಿಚ್ಚಳವಾಗಿ ತೋರಿಸುತ್ತೆ. ಅಟ್ಟದ ಮೇಲಿರೋದನ್ನ ಗುಜರಿಗೆ ಹಾಕೋ ಮುಂಚೆ ಒಮ್ಮೆ ಯೋಚಿಸಿ.