ಸೊಪ್ಪು ಹಾಕದ ಹೊತ್ತು



ನಿಮ್ಮ ಮನೆಯಲ್ಲಿ ಎರಡು ಮೂರು ವರ್ಷದ ಮಗುವಿದ್ದರೆ, ಅದಕ್ಕೆ ಊಟ ಮಾಡಿಸುವ ಹೊತ್ತನ್ನು ಒಮ್ಮೆ ನೆನಪಿಸಿಕೊಳ್ಳಿ. ಒಂದು ಕೈಯಲ್ಲಿ ಅನ್ನದ ತುತ್ತು, ಮತ್ತೊಂದು ಕೈಯಲ್ಲಿ ಮೊಬೈಲ್. ಪರದೆಯ ಮೇಲೆ ಬೊಂಬೆಗಳು ಕುಣಿಯುತ್ತಿರುವಷ್ಟು ಹೊತ್ತು ಮಗು ಬಾಯಿ ತೆರೆಯುತ್ತದೆ. ಕುಣಿತ ನಿಂತರೆ ಬಾಯಿಯೂ ಮುಚ್ಚುತ್ತದೆ. ನಿಮ್ಮನ್ನು ಆಕ್ಷೇಪಿಸಲು ಇದನ್ನು ಬರೆಯುತ್ತಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನೇ ನನ್ನ ಮೊಮ್ಮಗನಿಗೆ ಹೀಗೆ ಉಣಿಸಿದವನು. ಆ ತಪ್ಪಿನ ಕಥೆಯನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಯಂತ್ರಗಳ ಮೇಲೆ ನನಗೆ ಹಗೆಯಿಲ್ಲ. ನಾನು ವೃತ್ತಿ ಆರಂಭಿಸಿದ್ದು ಗೌರಿಬಿದನೂರು ಸೀಮೆಯಲ್ಲಿ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಗ್ರಹಿಸುವ ದೂರದರ್ಶಕವು ಅಲ್ಲಿ 1976ರಿಂದ ಇದೆ. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಬಟ್ಟೆ ಒಣಹಾಕುವ ತಂತಿಗಳಂತೆ ಬಯಲಿನುದ್ದಕ್ಕೂ ಹಬ್ಬಿದ್ದ ಆ ಸಾಲುಗಳನ್ನು ನೋಡಿ ಹುಡುಗನೊಬ್ಬ, "ಸಾರ್, ಕಣ್ಣಿಟ್ಟು ನೋಡೋ ಜಾಗ ಎಲ್ಲಿ?" ಎಂದು ಕೇಳಿದ. ಆ ಒಂದು ಪ್ರಶ್ನೆಯ ಬೆನ್ನು ಹಿಡಿದು ತರಗತಿಯಲ್ಲಿ ಒಂದು ವಾರ ಪಾಠ ನಡೆಯಿತು. ಅದೇ ತಾಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಡಾ. ಎಚ್. ನರಸಿಂಹಯ್ಯನವರು (1920-2005), ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಜೀವಮಾನವಿಡೀ ಹೇಳುತ್ತಿದ್ದರು. ಅಂದು ಆ ಹುಡುಗನ ಬಾಯಲ್ಲಿ ಅದರ ಅರ್ಥ ನನಗೆ ತಿಳಿಯಿತು. ಯಂತ್ರ ಎಷ್ಟೇ ದೊಡ್ಡದಿರಲಿ, ಕಲಿಕೆ ತೊಡಗುವುದು ಮಗುವಿನ ಪ್ರಶ್ನೆಯಿಂದ. ಅದು ಮುಂದುವರಿಯುವುದು ಆ ಪ್ರಶ್ನೆಗೆ ಕಿವಿಗೊಡುವ ಒಬ್ಬರಿದ್ದರೆ.

ಮುಂದೆ ಚಿಂತಾಮಣಿ ತಾಲೂಕಿಗೆ ವರ್ಗವಾಯಿತು. 2001ರ ಆಚೀಚೆ ಸರ್ಕಾರದ ಮಾಹಿತಿ ಸಿಂಧು ಯೋಜನೆಯಿಂದಾಗಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬರತೊಡಗಿದ ಕಾಲವದು. ಕೆಲ ವರ್ಷಗಳಲ್ಲಿ ನಮ್ಮ ಶಾಲೆಗೂ ಕಂಪ್ಯೂಟರುಗಳು ಬಂದವು. ಅವುಗಳಿಗೆ ಬಟ್ಟೆಯ ಹೊದಿಕೆ, ಕೋಣೆಗೆ ಬೀಗ, ಒಳಹೋಗುವಾಗ ಚಪ್ಪಲಿ ಹೊರಗೆ. ಒಂದೊಂದರ ಸುತ್ತ ಐದಾರು ಮಕ್ಕಳು. ನಮ್ಮ ಕಡೆ ಬಹಳ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಒಬ್ಬಳು ತನ್ನ ತಾಯಿಯ ಹೆಸರನ್ನು ಕನ್ನಡದಲ್ಲಿ ಮೂಡಿಸಲು ಹೊರಟರೆ, ಒತ್ತಕ್ಷರಕ್ಕೆ ಯಾವ ಕೀಲಿ ಒತ್ತಬೇಕೆಂದು ಉಳಿದ ನಾಲ್ವರು ಜಗಳವಾಡುತ್ತಿದ್ದರು. ಯಂತ್ರಗಳು ಸಾಲವೆಂದು ಆಗ ನಾನು ಮರುಗುತ್ತಿದ್ದೆ. ಆ ಜಗಳದಲ್ಲಿಯೇ ಅವರು ಕಾಗುಣಿತ ಕಲಿಯುತ್ತಿದ್ದರೆಂಬುದು ಹೊಳೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ನಿವೃತ್ತನಾಗಿ ಶಿಡ್ಲಘಟ್ಟದಲ್ಲಿ ನೆಲೆಸಿದ ಮೇಲೆ 2020ರ ಮಾರ್ಚ್ ಬಂತು. ಶಾಲೆಗಳು ಮುಚ್ಚಿದವು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಮರಳಿ ಶಾಲೆಯ ಬಾಗಿಲು ಕಂಡದ್ದು 2021ರ ಅಕ್ಟೋಬರ್ 25ರಂದು. ಆ ಅವಧಿಯಲ್ಲಿ ಚಂದನ ವಾಹಿನಿಯ ಪಾಠಗಳು, ಮೊಬೈಲಿಗೆ ಬರುವ ಪಾಠಗಳು ಎಷ್ಟೋ ಮಕ್ಕಳ ಕೈ ಹಿಡಿದವು. ನಮ್ಮ ಪಕ್ಕದ ಮನೆಯವರು ರೇಷ್ಮೆ ಬೆಳೆಗಾರರು. ಅವರ ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲ್. ಅದು ತಂದೆಯ ಜೇಬಿನಲ್ಲಿ ಗೂಡಿನ ಮಾರುಕಟ್ಟೆಗೆ ಹೋದರೆ, ಮಗಳ ಪಾಠ ಸಂಜೆಯವರೆಗೆ ಕಾಯಬೇಕಿತ್ತು. ಆ ಹುಡುಗಿ ನಮ್ಮ ಜಗುಲಿಯಲ್ಲಿ ಕುಳಿತು ನನ್ನ ಮೊಬೈಲಿನಲ್ಲಿ ಪಾಠ ಕೇಳಿ, ತಿಳಿಯದ್ದನ್ನು ನನ್ನನ್ನು ಕೇಳುತ್ತಿದ್ದಳು. ಯಂತ್ರವಿಲ್ಲದ ಮನೆಯ ಮಗು ಏನು ಕಳೆದುಕೊಳ್ಳುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಬಳಿಕ ಪರಿಸ್ಥಿತಿ ಬೇಗ ಬದಲಾಯಿತು. ಅಸರ್ ಸಮೀಕ್ಷೆಗಳ ಪ್ರಕಾರ 2018ರಲ್ಲಿ ದೇಶದ ಗ್ರಾಮೀಣ ಮನೆಗಳ ಪೈಕಿ ಶೇಕಡಾ 36ರಷ್ಟರಲ್ಲಿ ಸ್ಮಾರ್ಟ್‌ಫೋನ್ ಇತ್ತು. 2022ರ ವೇಳೆಗೆ ಅದು ಶೇಕಡಾ 75ರ ಸಮೀಪಕ್ಕೆ ಏರಿತು. 2024ರ ಸಮೀಕ್ಷೆಯಲ್ಲಿ 14ರಿಂದ 16 ವರ್ಷದ ಮಕ್ಕಳನ್ನು ವಿಚಾರಿಸಿದಾಗ, ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದ್ದವರು ಶೇಕಡಾ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದ್ದವರು ಶೇಕಡಾ 76. ಪಾಠಕ್ಕೆಂದು ಮನೆಯೊಳಗೆ ಬಂದ ಅತಿಥಿ ಪಾಠ ಮುಗಿದರೂ ಎದ್ದು ಹೋಗಲಿಲ್ಲ.

ನಮ್ಮ ಮನೆಯಲ್ಲಿಯೂ ಹೋಗಲಿಲ್ಲ. ಮಗ, ಸೊಸೆ ಇಬ್ಬರೂ ಚಿಕ್ಕಬಳ್ಳಾಪುರದಲ್ಲಿ ಉದ್ಯೋಗಿಗಳು. 2021ರಲ್ಲಿ ಹುಟ್ಟಿದ ಮೊಮ್ಮಗ ವಾರದ ದಿನಗಳಲ್ಲಿ ಅಜ್ಜಿ ತಾತಂದಿರ ಬಳಿ ಇರುತ್ತಿದ್ದ. ಅಜ್ಜಿಗೆ ಮಂಡಿ ನೋವು. ಓಡುವ ಮಗುವಿನ ಹಿಂದೆ ಓಡಲಾರಳು. ನನಗೆ ಪತ್ರಿಕೆ ಓದುವ ಚಟ. ಮೊಬೈಲ್ ಕೊಟ್ಟರೆ ಮಗು ಕುಳಿತಲ್ಲಿಯೇ ಕುಳಿತಿರುತ್ತಿತ್ತು, ಮನೆ ಶಾಂತವಾಗಿರುತ್ತಿತ್ತು. ಎರಡೂವರೆ ವರ್ಷಕ್ಕೆ ಬಣ್ಣಗಳ ಹೆಸರನ್ನು ಇಂಗ್ಲಿಷಿನಲ್ಲಿ ಒಪ್ಪಿಸತೊಡಗಿದಾಗ ನಾನು ಬಂದವರಿಗೆಲ್ಲ ತೋರಿಸಿ ಬೀಗಿದೆ. ಆದರೆ ಬಾಯಾರಿದಾಗ "ನೀರು" ಎನ್ನುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. "ಮಾವ, ಇವನು ಮಾತಾಡ್ತಿಲ್ಲ ಅಲ್ವಾ?" ಎಂದು ಸೊಸೆ ಮೊದಲು ಕೇಳಿದಾಗ, "ಗಂಡು ಮಕ್ಕಳು ತಡವಮ್ಮ" ಎಂದುಬಿಟ್ಟೆ. ಆ ಮಾತಿನಲ್ಲಿ ಆರು ತಿಂಗಳು ಕಳೆದುಹೋಯಿತು.

ಕಡೆಗೆ ವೈದ್ಯರ ಬಳಿ ಹೋದೆವು. ಕಿವಿಯ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ವೈದ್ಯರು ನಿಧಾನವಾಗಿ ಹೇಳಿದರು: "ಮೊಬೈಲೊಂದೇ ಕಾರಣ ಅಂತ ನಾನು ಹೇಳಲಾರೆ. ಮಾತಿನ ತರಬೇತಿ ಶುರು ಮಾಡೋಣ. ಆದರೆ ಅದನ್ನ ತೆಗೆದಿಟ್ಟು, ಅದರ ಜಾಗದಲ್ಲಿ ನೀವು ಕೂತ್ಕೊಳ್ಳಿ." ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿಯೇ, ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದೆಂದೂ ತಿಳಿಸಿತ್ತು. ಕಾರಣ ಕಠಿಣವೇನಲ್ಲ. ಮಗು "ಆ" ಎಂದಾಗ ತಾಯಿ "ಏನಪ್ಪ, ಹಾಲು ಬೇಕಾ?" ಎನ್ನುತ್ತಾಳೆ, ಮಗುವಿನ ಮುಖ ನೋಡಿ ಕಾಯುತ್ತಾಳೆ. ಆ ಕಾಯುವಿಕೆಯ ಎಡೆಯಲ್ಲಿ ಮಗು ತನ್ನ ಮಾತನ್ನು ಹುಡುಕಿಕೊಳ್ಳುತ್ತದೆ. ಪರದೆ ಸಾವಿರ ಮಾತಾಡುತ್ತದೆ, ಒಂದು ಕ್ಷಣವೂ ಕಾಯುವುದಿಲ್ಲ.

ಮೊಬೈಲ್ ತೆಗೆದಿಟ್ಟ ಮೊದಲ ವಾರ ಮನೆಯಲ್ಲಿ ನರಕ. ಅತ್ತು ಅತ್ತು ಮಗುವಿನ ಗಂಟಲು ಕಟ್ಟಿತು. ಒಂದು ಮಧ್ಯಾಹ್ನ ಬೇರೆ ದಾರಿ ಕಾಣದೆ ಅವನನ್ನು ಎತ್ತಿಕೊಂಡು ಪಕ್ಕದವರ ಹುಳು ಮನೆಗೆ ಹೋದೆ. ತಟ್ಟೆಗಳ ತುಂಬ ರೇಷ್ಮೆ ಹುಳು, ಒಂದೂ ಅಲುಗುತ್ತಿರಲಿಲ್ಲ. ತಲೆ ಎತ್ತಿ ಹಿಡಿದು ಸುಮ್ಮನೆ ನಿಂತಿದ್ದವು. ಮೊಮ್ಮಗ ಅಳು ನಿಲ್ಲಿಸಿ ಬೆರಳು ತೋರಿಸಿದ. "ಜ್ವರ ಕಣಪ್ಪ," ಎಂದರು ಮನೆಯ ಯಜಮಾನರು. "ಈಗ ಸೊಪ್ಪು ಹಾಕಬಾರದು ಮೇಷ್ಟ್ರೇ. ಹಾಕಿದರೆ ಬೆಳೆ ಕೆಡ್ತದೆ."

ನಮ್ಮ ಸೀಮೆಯ ನಿಮಗಿದು ಹೊಸದಲ್ಲ. ರೇಷ್ಮೆ ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಕಳಚುತ್ತದೆ. ಅದನ್ನೇ ನಾವು ಜ್ವರವೆನ್ನುತ್ತೇವೆ, ಅದು ಕಾಯಿಲೆಯಲ್ಲ. ಒಂದು ದಿನ, ಕೆಲವೊಮ್ಮೆ ಇನ್ನಷ್ಟು ಹೊತ್ತು, ಹುಳು ತಿನ್ನುವುದಿಲ್ಲ, ಕದಲುವುದಿಲ್ಲ. ಹೊರಗೆ ಏನೂ ನಡೆಯದಂತೆ ಕಾಣುವ ಆ ಹೊತ್ತಿನಲ್ಲಿಯೇ ಒಳಗೆ ಹೊಸ ಚರ್ಮ ಬೆಳೆಯುತ್ತದೆ. ಎಳೆ ಹುಳುವಿಗೆ ಎಳೆಯ ಸೊಪ್ಪನ್ನೇ ಆಯ್ದು ಸಣ್ಣಗೆ ಹೆಚ್ಚಿ ಹಾಕುವ ರೈತನಿಗೆ, ಸೊಪ್ಪು ಹಾಕದೆ ಕಾಯುವುದೂ ಗೊತ್ತು. ಮಕ್ಕಳಿಗೆ ಪಾಠ ಹೇಳಿಯೇ ಕೂದಲು ನರೆತ ನನಗೆ ಅದು ಗೊತ್ತಿರಲಿಲ್ಲ. ಮಗು ಸುಮ್ಮನೆ ಕುಳಿತರೆ, ಬೇಜಾರೆಂದು ಗೊಣಗಿದರೆ, ತಕ್ಷಣ ಏನಾದರೂ ಹಾಕಬೇಕೆಂದು ಅವಸರಪಟ್ಟೆ.

ಮರುದಿನ ಮತ್ತೆ ಹೋದೆವು. ಹುಳುಗಳು ಜ್ವರ ಬಿಟ್ಟು ಎದ್ದಿದ್ದವು. ಸೊಪ್ಪು ಹಾಕಿದೊಡನೆ ಮಳೆ ಹನಿಯುವ ಸದ್ದು. ಮೊಮ್ಮಗ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ, "ತಾತ, ತಿಂತಾ" ಎಂದ. ನನ್ನ ಕಣ್ಣು ನೋಡಿ ಅವನು ಆಡಿದ ಮೊದಲ ಮಾತು ಅದು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಾತಿನ ತರಬೇತಿ ಈಗಲೂ ನಡೆದಿದೆ. ಓರಗೆಯ ಮಕ್ಕಳಿಗಿಂತ ಅವನು ಇನ್ನೂ ಹಿಂದಿದ್ದಾನೆ. ಆ ಆರು ತಿಂಗಳನ್ನು ಮರಳಿ ತರಲು ನನ್ನಿಂದಾಗದು. ಅವನು ದೊಡ್ಡವನಾದಂತೆ ಕಂಪ್ಯೂಟರ್ ಅವನ ಬಾಳಿಗೂ ಬರುತ್ತದೆ, ಬರಲೇಬೇಕು. ಆಗ ಅವನ ಪಕ್ಕ ಒಬ್ಬರು ಕುಳಿತಿರಬೇಕು, ಅವನ ಪ್ರಶ್ನೆಗೆ ಕಾಯಬೇಕು ಎಂಬುದಷ್ಟೇ ನನ್ನ ಆಸೆ.

ಆತ್ಮೀಯರೇ, ನಿಮ್ಮಲ್ಲಿ ಒಂದು ವಿನಂತಿ. ಇಂದು ರಾತ್ರಿಯ ಊಟದ ಹೊತ್ತಿಗೆ ಮನೆಯ ಮೊಬೈಲುಗಳನ್ನೆಲ್ಲ ಒಂದು ಕಡೆ ಎತ್ತಿಡಿ. ಮಕ್ಕಳದ್ದು ಮಾತ್ರವಲ್ಲ, ಹಿರಿಯರದ್ದೂ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಷ್ಟವಾದದ್ದು ನನಗೇ. ಮೊದಲ ದಿನ ನನ್ನ ಮೊಬೈಲನ್ನು ಬೀರುವಿನ ಮೇಲಿಟ್ಟು ಊಟಕ್ಕೆ ಕುಳಿತಾಗ, ಮೊಮ್ಮಗ ಅದನ್ನೂ ನನ್ನನ್ನೂ ಬಹಳ ಹೊತ್ತು ನೋಡಿ ಕೇಳಿದ:

"ತಾತ, ಅದಕ್ಕೆ ಜ್ವರಾನಾ?"

"ಹೌದಪ್ಪ," ಎಂದೆ. ಅವನು ತಲೆಯಾಡಿಸಿ, ತಾನೇ ಕೈಯಾರೆ ಅನ್ನ ಕಲಸಿಕೊಳ್ಳತೊಡಗಿದ.