ಜಾರುವ ವಿದ್ಯೆ, ಜಾರದ ವಿದ್ಯೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕೇಳರಿಯದ ಕನ್ನಡಿಗನಿಲ್ಲ. ಹತ್ತಿರ ಹೋದರೆ ಕಲ್ಲುಮುಳ್ಳುಗಳು ಕಾಣುವುವೆಂಬುದು ಅದರ ತಾತ್ಪರ್ಯ. ಮಾಗಡಿಯ ಸಮೀಪದ ಸಾವನದುರ್ಗದ ಬುಡದಲ್ಲಿ ನಿಂತವನಿಗೆ ಮಾತ್ರ ಈ ಗಾದೆ ಅರ್ಧ ಸತ್ಯವೆನಿಸುತ್ತದೆ. ಸಮುದ್ರಮಟ್ಟದಿಂದ ೧೨೨೬ ಮೀಟರ್ ಎತ್ತರಕ್ಕೆ ತಲೆಯೆತ್ತಿರುವ ಆ ಮಹಾಶಿಲೆ, ಹತ್ತಿರ ಹೋದಷ್ಟೂ ನುಣ್ಣಗೇ ಕಾಣುತ್ತದೆ. ಅಂಗೈಯಿಟ್ಟು ನೋಡಿದಾಗ ಅದರ ಮೈಯೆಲ್ಲ ತರಿತರಿಯೆಂಬುದು ತಿಳಿಯುತ್ತದೆ. ಕಣ್ಣಿಗೆ ಕಾಣದೆ ಅಂಗೈಗೆ ಮಾತ್ರ ತಿಳಿಯುವ ಆ ತರಿಯೇ ಬಂಡೆಯನ್ನೇರುವವನಿಗೆ ಏಕೈಕ ಆಧಾರ.

ಬೆಟ್ಟದ ಇಳಿಜಾರನ್ನು ಮನುಷ್ಯನು ಆಟದ ಬಯಲನ್ನಾಗಿ ಮಾಡಿಕೊಂಡ ಬಗೆಗಳು ದೇಶದೇಶಕ್ಕೆ ಬೇರೆ. ಜಪಾನಿನ ಹಿಮಸೀಮೆಯಲ್ಲಿ ಅದು ಸ್ಕೀ ಎಂಬ ಹಿಮಜಾರಾಟ. ೧೯೧೧ರ ಜನವರಿಯಲ್ಲಿ ತಕಾದಾ ಎಂಬ ಊರಿನಲ್ಲಿ ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿ ಥಿಯೋಡೋರ್ ಫಾನ್ ಲೆರ್ಖ್ ಅಲ್ಲಿನ ಸೈನಿಕರಿಗೆ ಈ ವಿದ್ಯೆಯನ್ನು ಕಲಿಸಿದನು. ಸೈನಿಕರಿಂದ ಅದು ಊರವರಿಗೆ ಹಬ್ಬಿತು. ಸಪ್ಪೊರೊ ನಗರದಲ್ಲಿ ೧೯೭೨ರಲ್ಲಿ, ನಗಾನೋದಲ್ಲಿ ೧೯೯೮ರಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದುದನ್ನು ಲೋಕವೆಲ್ಲ ಬಲ್ಲದು. ಆದರೆ ಆ ದೇಶದ ಹಿಮಜಾರಾಟದ ಜೀವಾಳವಿರುವುದು ಅಂಥ ಮಹಾಕ್ರೀಡಾಂಗಣಗಳಲ್ಲಷ್ಟೇ ಅಲ್ಲ. ಊರ ಹಿಂದಿನ ಗುಡ್ಡದಲ್ಲಿ ಪುರಸಭೆಯೇ ನಡೆಸುವ ಚಿಕ್ಕ ಜಾರುದಾಣಗಳೂ ಅಲ್ಲಿವೆ. ಜನರನ್ನು ಮೇಲಕ್ಕೆ ಸಾಗಿಸಲು ಒಂದೋ ಎರಡೋ ತಂತಿಹಾದಿ, ಸಂಜೆಯ ಮೇಲೂ ಆಡಲು ನಾಲ್ಕು ದೀಪ, ಚಳಿಯಲ್ಲಿ ನಡುಗುವವರಿಗೆ ಬಿಸಿ ಅನ್ನ ಸಾರು ಬಡಿಸುವ ಒಂದು ಊಟದ ಮನೆ. ಇಷ್ಟೇ ಅಲ್ಲಿನ ವೈಭವ. ಹಿಮಸೀಮೆಯ ಶಾಲೆಗಳಲ್ಲಿ ಸ್ಕೀ ಪಾಠವೂ ದೇಹಶಿಕ್ಷಣದ ಒಂದು ಭಾಗ. ಪರಸ್ಥಳದಿಂದ ಅಲ್ಲಿಗೆ ಹೋದವನು ಕಾಣುವುದು ಶ್ರೀಮಂತರ ವಿಲಾಸವನ್ನಲ್ಲ. ಊರ ಮಕ್ಕಳು ತಮ್ಮ ಊರ ಗುಡ್ಡದಲ್ಲಿ ಬಿದ್ದು ಏಳುವುದನ್ನು.

ಬೆಂಗಳೂರಿಗೆ ನೆರೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಮವೆಲ್ಲಿಂದ ಬರಬೇಕು? ಆದರೆ ಇಳಿಜಾರಿಗೆ ಇಲ್ಲಿ ಬಡತನವಿಲ್ಲ. ಮಾಗಡಿಗೆ ಸಾವನದುರ್ಗ, ರಾಮನಗರಕ್ಕೆ ರಾಮದೇವರ ಬೆಟ್ಟ, ಕನಕಪುರಕ್ಕೆ ಕಬ್ಬಾಳದುರ್ಗ. ಊರೂರಿಗೊಂದು ಬಂಡೆಯ ಬೆಟ್ಟ. ರಾಮನಗರಕ್ಕೆ ಹಿಂದೆ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ನೆನಪಿಗಾಗಿ ಕ್ಲೋಸ್‌ಪೇಟೆಯೆಂಬ ಹೆಸರಿತ್ತು. ಊರಿನ ಆ ಹೆಸರು ಅಳಿದರೂ ಭೂವಿಜ್ಞಾನಿಗಳ ಗ್ರಂಥಗಳಲ್ಲಿ ಇಲ್ಲಿಯ ಶಿಲೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಭೂಗರ್ಭದಲ್ಲಿ ಶಿಲಾರಸವು ಮೆಲ್ಲಮೆಲ್ಲನೆ ಆರಿದ್ದರಿಂದ ಅದರೊಳಗೆ ದಪ್ಪ ದಪ್ಪ ಹರಳುಗಳು ಮೂಡಿದವು. ಮಳೆಬಿಸಿಲುಗಳಿಗೆ ಸವೆದ ಮೈಯಲ್ಲಿ ಆ ಹರಳುಗಳು ಸ್ವಲ್ಪ ಮುಂದಕ್ಕೆ ಚಾಚಿ ನಿಂತು ಏರುವವನ ಪಾದವನ್ನು ಹಿಡಿಯುತ್ತವೆ.

ಹಿಮದ ಮೇಲೆ ಜಾರುವುದು ವಿದ್ಯೆ. ಬಂಡೆಯ ಮೇಲೆ ಜಾರದಿರುವುದು ವಿದ್ಯೆ. ಅಲ್ಲಿ ಘರ್ಷಣೆಯನ್ನು ಕಡಿಮೆ ಮಾಡುವುದಕ್ಕಾಗಿ ಹಲಗೆಯ ತಳಕ್ಕೆ ಮೇಣ ಸವರುತ್ತಾರೆ; ಇಲ್ಲಿ ಘರ್ಷಣೆಯನ್ನು ಹೆಚ್ಚಿಸಲು ರಬ್ಬರಿನ ಅಟ್ಟೆಯ ಬಿಗಿಯಾದ ಪಾದರಕ್ಷೆಯನ್ನು ತೊಡುತ್ತಾರೆ. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧ. ಆದರೂ ಗುರುವಾದವನು ಎರಡೆಡೆಯೂ ಹೇಳಿಕೊಡುವ ಮೊದಲ ಪಾಠ ಒಂದೇ. ಹಿಮದಲ್ಲಿ ಮೊದಲ ಸಲ ನಿಂತವನು ಕೆಳಗಿನ ಇಳಿಜಾರಿಗೆ ಹೆದರಿ ಹಿಂದಕ್ಕೆ ವಾಲುತ್ತಾನೆ. ಆಗ ಹಲಗೆ ಅವನ ಹಿಡಿತ ತಪ್ಪಿ ಓಡುತ್ತದೆ. ಬಂಡೆಯ ಮೇಲೆ ಮೊದಲ ಸಲ ನಿಂತವನು ಹೆದರಿ ಕಲ್ಲನ್ನು ತಬ್ಬಿಕೊಳ್ಳುತ್ತಾನೆ. ಆಗ ಮೈಭಾರ ಪಾದದಿಂದ ಸರಿದು ಕಾಲು ಜಾರುತ್ತದೆ. ಅಲ್ಲಿ ಮುಂದಕ್ಕೆ ಬಾಗಬೇಕು, ಇಲ್ಲಿ ನೆಟ್ಟಗೆ ನಿಲ್ಲಬೇಕು; ಭಾರವನ್ನೆಲ್ಲ ಪಾದದ ಮೇಲೆ ಹಾಕಬೇಕೆಂಬುದು ಎರಡಕ್ಕೂ ಸಮಾನ. ಭಯವು ಹೇಳಿದಂತೆ ಮೈಯನ್ನು ಬಾಗಿಸಿದವನು ಬೀಳುತ್ತಾನೆ. ಈ ಮಾತನ್ನು ತರಗತಿಯಲ್ಲಿ ನೂರು ಸಲ ಹೇಳಿದರೂ ವಿದ್ಯಾರ್ಥಿಗೆ ನಾಟದು. ಇಳಿಜಾರಿನಲ್ಲಿ ನಿಂತ ಒಂದು ಗಳಿಗೆಯಲ್ಲಿ ನಾಟುತ್ತದೆ.

ಈ ಬಂಡೆಗಳನ್ನು ಏರಿದವರೆಲ್ಲರೂ ಆಟಕ್ಕಾಗಿ ಏರಿದವರಲ್ಲ. ಮಾಗಡಿಯ ಕೆಂಪೇಗೌಡರ ವಂಶದ ಕೈಯಲ್ಲಿದ್ದ ಸಾವನದುರ್ಗವು ೧೭೨೮ರಲ್ಲಿ ಮೈಸೂರಿನವರ ವಶವಾಯಿತು. ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪುವಿನ ಕಾವಲಿನವರಿಂದ ಅದನ್ನು ಕಿತ್ತುಕೊಂಡಿತು. ಕಾಲಾಂತರದಲ್ಲಿ ಕತ್ತಿಯ ಬದಲು ಕ್ಯಾಮರಾ ಬಂತು. ೧೯೭೫ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ಹಳ್ಳಿ ರಾಮನಗರದ ಬಂಡೆಗಳ ನಡುವೆ ಎದ್ದಿತು. ೧೯೮೪ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಡೇವಿಡ್ ಲೀನ್ ಈ ಸೀಮೆಯ ಬೆಟ್ಟಗಳನ್ನೇ ಆರಿಸಿಕೊಂಡನು. ಇಂದು ಭಾನುವಾರ ಬಂತೆಂದರೆ ಹಗ್ಗ ಹೊತ್ತ ಬೆಂಗಳೂರಿನ ತರುಣರು ಬರುತ್ತಾರೆ. ಲೋಕವೆಲ್ಲ ಬಂದು ನೋಡಿದ ಈ ಬಂಡೆಗಳನ್ನು ಅವುಗಳ ನೆರಳಿನಲ್ಲೇ ಹುಟ್ಟಿ ಬೆಳೆದ ಮಗು ಒಮ್ಮೆಯಾದರೂ ಅರಿತು ಏರಿದೆಯೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಜಪಾನಿನ ಮಾತು ಈ ಸೀಮೆಗೆ ತೀರ ಹೊರಗಿನದಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಗೊಂಬೆಯ ಕೆಲಸಕ್ಕೆ ಬಾವಾಸ್ ಮಿಯಾನರು ಜಪಾನಿನ ಪದ್ಧತಿಯನ್ನು ಅಳವಡಿಸಿದರೆಂದು ಹೇಳುತ್ತಾರೆ. ರೇಷ್ಮೆಯ ವಿಷಯದಲ್ಲೂ ೧೯೯೦ರ ದಶಕದಲ್ಲಿ ದ್ವಿತಳಿ ಸಾಕಣೆಯನ್ನು ಬಲಪಡಿಸಲು ಜಪಾನಿನ ತಜ್ಞರು ಕರ್ನಾಟಕಕ್ಕೆ ನೆರವಾದರು. ಗೊಂಬೆಯನ್ನೂ ಗೂಡನ್ನೂ ಕುರಿತು ಆ ದೇಶದಿಂದ ಕಲಿತ ನಾಡು, ಊರ ಗುಡ್ಡವನ್ನು ಊರ ಮಕ್ಕಳಿಗೆ ಒಪ್ಪಿಸುವ ಬಗೆಯನ್ನೂ ಕಲಿಯಬಹುದು.

ಕಲಿಯುವಾಗ ಅವರ ಕಷ್ಟದಿಂದಲೂ ಕಲಿಯಬೇಕು. ೧೯೯೦ರ ದಶಕದ ಆರಂಭದಲ್ಲಿ ಜಪಾನಿನ ಹಿಮಜಾರಾಟವು ತುತ್ತತುದಿಯನ್ನು ಮುಟ್ಟಿ ಆಮೇಲೆ ಇಳಿಯಿತು. ಹಳ್ಳಿಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗಿತು. ತಗ್ಗಿನ ಗುಡ್ಡಗಳಲ್ಲಿ ಹಿಮವು ನಂಬುವಂತಿಲ್ಲವಾಯಿತು. ಹಳತಾದ ಯಂತ್ರಗಳ ದುರಸ್ತಿಗೆ ಹಣ ಸಾಲದಾಯಿತು. ಚಿಕ್ಕ ಜಾರುದಾಣಗಳು ಎಷ್ಟೋ ಮುಚ್ಚಿದವು. ಹಾಗೆ ಮುಚ್ಚಿದ ಕಡೆ ತಂತಿಹಾದಿಯ ಕಂಬಗಳು ತುಕ್ಕು ಹಿಡಿದು ನಿಂತರೂ ಗುಡ್ಡವು ಗುಡ್ಡವಾಗಿಯೇ ಉಳಿಯುತ್ತದೆ, ಹುಲ್ಲು ಬೆಳೆಯುತ್ತದೆ. ಇಲ್ಲಿಯ ಸಂಕಟ ಬೇರೆ ಬಗೆಯದು. ಬಂಡೆಗೆ ಯಂತ್ರ ಬೇಡ, ಹಿಮ ಬೇಡ, ದೀಪ ಬೇಡ. ಆದರೆ ಕಲ್ಲುಗಣಿಯವನು ಒಮ್ಮೆ ಸಿಡಿಸಿದ ಬಂಡೆ ಮತ್ತೆ ಬೆಳೆಯದು. ೨೫೦ ಕೋಟಿ ವರ್ಷಗಳಿಂದ ಉಳಿದು ಬಂದದ್ದು ಜಲ್ಲಿಯಾಗಲು ಕೆಲವೇ ವರ್ಷ ಸಾಕು.

ಏರುವವನಿಗೂ ಮರ್ಯಾದೆಯುಂಟು. ರಾಮದೇವರ ಬೆಟ್ಟದ ಕಡಿದಾದ ಗೋಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವು ಸತ್ತ ದನದ ಮಾಂಸದ ಮೂಲಕ ದೇಶದ ರಣಹದ್ದುಗಳ ಕುಲವನ್ನೇ ಬಹುಪಾಲು ಅಳಿಸಿತು. ೨೦೦೬ರಲ್ಲಿ ಅದರ ಪಶುಬಳಕೆಯನ್ನು ನಿಷೇಧಿಸಲಾಯಿತು. ೨೦೧೨ರಲ್ಲಿ ಈ ಬೆಟ್ಟವು ರಣಹದ್ದುಗಳ ವನ್ಯಧಾಮವೆಂದು ಘೋಷಿತವಾಯಿತು. ಗೂಡಿರುವ ಗೋಡೆಯನ್ನು ಹಕ್ಕಿಗೆ ಬಿಟ್ಟುಕೊಡುವುದು ಸಾಹಸಕ್ಕೆ ಕುಂದಲ್ಲ, ಭೂಷಣ. ಏರಲು ಬೇರೆ ಬಂಡೆಗಳು ಬೇಕಾದಷ್ಟಿವೆ. ಗೂಡಿಗೆ ಆ ಹಕ್ಕಿಗೆ ಉಳಿದಿರುವ ನೆಲೆಗಳು ಬೆರಳೆಣಿಕೆಯವು.

ಆದುದರಿಂದ ವಿದ್ಯಾಸಂಸ್ಥೆಗಳಿಗೆ ಹಣವನ್ನೂ ಶ್ರಮವನ್ನೂ ಧಾರೆಯೆರೆಯುವ ಮಹನೀಯರು ಕಟ್ಟಡಗಳ ಜೊತೆಗೆ ಬೆಟ್ಟವನ್ನೂ ಒಮ್ಮೆ ನೆನೆಯುವುದು ಉಚಿತ. ಅರಣ್ಯ ಇಲಾಖೆಯ ಅನುಮತಿ, ಪಳಗಿದ ಮಾರ್ಗದರ್ಶಕ, ಗಟ್ಟಿಯಾದ ಹಗ್ಗ, ತಲೆಗೆ ರಕ್ಷೆ, ಬಿಸಿಲೇರುವ ಮುನ್ನ ಹಿಂದಿರುಗುವ ವಿವೇಕ, ಮಳೆಗಾಲದಲ್ಲಿ ಬಂಡೆಯ ತಂಟೆಗೆ ಹೋಗದ ಸಂಯಮ. ಇವಿಷ್ಟನ್ನು ಒದಗಿಸಿದರೆ ಸಾಕು. ಒದ್ದೆಬಂಡೆಯು ಹಿಮಕ್ಕಿಂತಲೂ ಜಾರು. ಗುರುವಿಲ್ಲದೆ ಏರಿದವರನ್ನು ಅದು ಕ್ಷಮಿಸುವುದಿಲ್ಲ. ಗುರುವಿನೊಡನೆ ಏರಿದ ಮಗುವು ಬಂಡೆಯ ನೆತ್ತಿಯಿಂದ ತನ್ನ ಊರನ್ನು, ಕೆರೆಯನ್ನು, ಹಿಪ್ಪುನೇರಳೆಯ ತೋಟವನ್ನು, ತಾನು ಓದುವ ಶಾಲೆಯ ಹೆಂಚನ್ನು ಒಂದೇ ನೋಟದಲ್ಲಿ ಕಾಣುತ್ತದೆ. ಹಾಗೆ ಕಂಡ ಮಗು ಮುಂದೆ ದೊಡ್ಡದಾಗಿ ಆ ಬೆಟ್ಟದ ಕಲ್ಲಿಗೆ ಬೆಲೆ ಕಟ್ಟುವವರ ಎದುರಿಗೆ ನೆಟ್ಟಗೆ ನಿಂತು ಮಾತನಾಡಬಲ್ಲದು.